ಒಂಬತ್ತನೇ ಆವೃತ್ತಿಯ ದಪ್ಪ

ಅವಳಿಗೆ ರಶೀದಿ ಅಂತ ಹೆಸರು ಬಿದ್ದದ್ದು ಕಾಲೇಜಿಗೆ ಸೇರಿದ ಮೊದಲನೇ ವಾರದಲ್ಲೇ. ಕ್ಯಾಂಟೀನಿನಲ್ಲಿ ಒಂದು ಟೀ ಕುಡಿದು "ಬಿಲ್ ಕೊಡಿ" ಅಂದುಬಿಟ್ಟಿದ್ದಳು. ಕ್ಯಾಂಟೀನಿನವನು ಹುಟ್ಟಿದಾಗಿನಿಂದ ಯಾರಿಗೂ ಬಿಲ್ ಕೊಟ್ಟವನಲ್ಲ. ಆ ಕಡೆ ನೋಡಿದ, ಈ ಕಡೆ ನೋಡಿದ, ಕೊನೆಗೆ ಬಿಸ್ಕತ್ತಿನ ಪೊಟ್ಟಣ ಹರಿದು ಅದರ ಹಿಂದೆ "ಒಂದು ಟೀ, ಕುಡಿದದ್ದು ನಿಜ" ಎಂದು ಬರೆದು ಸಹಿ ಹಾಕಿ ಕೊಟ್ಟ. ಅವತ್ತಿನಿಂದ ಮೇಷ್ಟ್ರುಗಳು ಕೂಡ ಹಾಜರಿ ಕರೆಯುವಾಗ ನಾಲಿಗೆ ತಪ್ಪಿ ರಶೀದಿ ಅಂದುಬಿಡುತ್ತಿದ್ದರು, ಅವಳೂ "ಪ್ರೆಸೆಂಟ್ ಸರ್" ಅನ್ನುತ್ತಿದ್ದಳು.

ಈಗ ಎರಡನೇ ವರ್ಷ. ರಶೀದಿಗೆ ಬೇಕಾಗಿದ್ದುದು ಒಂದೇ ಒಂದು, ಸಂಖ್ಯಾಶಾಸ್ತ್ರದ ಸೀಟು. ಅವಳಿಗೆ ಲೆಕ್ಕ ಅಂದರೆ ಪ್ರಾಣ. ಬಸ್ಸಿನಲ್ಲಿ ಕೂತರೆ ಎಷ್ಟು ಜನ ಆಕಳಿಸಿದರು ಎಂದು ಎಣಿಸುವಷ್ಟು ಪ್ರಾಣ. ಆದರೆ ಆ ಕಾಲೇಜಿನಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ಐಚ್ಛಿಕ ವಿಷಯಕ್ಕೆ ಹೆಸರು ಬರೆಸಬೇಕಾದರೆ ಪಠ್ಯಪುಸ್ತಕವನ್ನು ಆಫೀಸಿಗೆ ತಂದು ತೋರಿಸಬೇಕು. ಅಲ್ಲಿ ಟೈಪಿಸ್ಟ್ ಮೇಡಂ ಪುಸ್ತಕದ ಮೊದಲನೇ ಪುಟಕ್ಕೆ ಧಡ್ ಎಂದು ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದರೆ ಸೀಟು, ಇಲ್ಲದಿದ್ದರೆ ಇಲ್ಲ. ಪುಸ್ತಕದ ಆವೃತ್ತಿ ನೋಟಿಸ್ ಬೋರ್ಡಿನ ಪಟ್ಟಿಯಲ್ಲಿ ಇರುವುದೇ ಆಗಿರಬೇಕು. ಹಿಂದೆ ಯಾರೋ ಸಂಖ್ಯಾಶಾಸ್ತ್ರದ ಪುಸ್ತಕ ಅಂತ ಟೆಲಿಫೋನ್ ಡೈರೆಕ್ಟರಿ ತೋರಿಸಿ ಸೀಟು ಹೊಡೆದಿದ್ದನಂತೆ, ಅದಾದ ಮೇಲೆ ಬಂದ ಕಟ್ಟುನಿಟ್ಟು ಇದು.

ಸೋಮವಾರ ಪಟ್ಟಿ ಹಾಕಿದರು. ಸಂಖ್ಯಾಶಾಸ್ತ್ರದ ಮುಂದೆ ಒಂಬತ್ತನೇ ಆವೃತ್ತಿ ಎಂದಿತ್ತು. ಬೆಲೆ ಎಷ್ಟು ಅಂತ ಎಲ್ಲೂ ಇರಲಿಲ್ಲ. ಕೊನೇ ದಿನ ಶುಕ್ರವಾರ ಸಾಯಂಕಾಲ ಐದು. ರಶೀದಿಯ ಹತ್ತಿರ ಇದ್ದದ್ದು ಅವಳ ಅಕ್ಕ ಓದಿದ ಆರನೇ ಆವೃತ್ತಿ. ಸೀಟು ತಪ್ಪಿದರೆ ಉಳಿಯುವುದು ಪುಸ್ತಕವೇ ಇಲ್ಲದ ಒಂದೇ ವಿಷಯ, ಭಾಷಣ ಕಲೆ. ಆ ಮೇಷ್ಟ್ರು ಬಾಯಲ್ಲಿ ಗೋಲಿ ಹಾಕಿಸಿ ಭಾಷಣ ಮಾಡಿಸುತ್ತಾರೆ ಅಂತ ಪ್ರತೀತಿ. ಕಳೆದ ವರ್ಷ ಒಬ್ಬಳು "ಸಭಿಕರೇ" ಅನ್ನುವಷ್ಟರಲ್ಲಿ ಎರಡು ಗೋಲಿ ನುಂಗಿದ್ದಳಂತೆ.

ಮಂಗಳವಾರ ರಶೀದಿ ಪುಸ್ತಕದಂಗಡಿಗೆ ಹೋದಳು. ಅಂಗಡಿ ಮಾಲೀಕ ಗಲ್ಲಾ ಹಿಂದೆ ಕೂತು ಕಿವಿಯಲ್ಲಿ ಪೆನ್ಸಿಲ್ ತಿರುಗಿಸುತ್ತಿದ್ದ. ಒಂಬತ್ತನೇ ಆವೃತ್ತಿ ಮೇಜಿನ ಮೇಲೆ ಕೂತಿತ್ತು, ಮೇಲೆಲ್ಲ ಪ್ಲಾಸ್ಟಿಕ್ ಸುತ್ತಿ, ಜೊತೆಗೆ ಒಂದು ಸಿ.ಡಿ., ಒಂದು ಸ್ಕೇಲು ಮತ್ತು ಒಂದು ಕೀಚೈನು ಸೇರಿಸಿ. ದಪ್ಪ ಅಂದರೆ ದಪ್ಪ, ನಾಲ್ಕು ದಿನದ ಬಟ್ಟೆ ತುಂಬಿದ ಸೂಟ್‌ಕೇಸಿನ ಹಾಗೆ.

"ಎಷ್ಟು ಅಂಕಲ್?"

"ಮೊದ್ಲು ತಗೊಳ್ಳಮ್ಮ, ಆಮೇಲೆ ಹೇಳ್ತೀನಿ."

"ಆಪರೇಷನ್ ಮಾಡೋ ಡಾಕ್ಟ್ರು ಕೂಡ ಮೊದ್ಲೇ ಹೇಳ್ತಾರೆ ಅಂಕಲ್."

ಅವನು ಕಿವಿಯಿಂದ ಪೆನ್ಸಿಲ್ ತೆಗೆದ. "ಎರಡು ಸಾವಿರದ ಏಳುನೂರ ನಲವತ್ತು."

ರಶೀದಿಗೆ ಒಂದು ಕ್ಷಣ ಗೋಲಿ ನುಂಗಿದ ಹಾಗೆಯೇ ಆಯಿತು. ಅಕ್ಕ ಹಲ್ಲಿನ ಆಸ್ಪತ್ರೆಯಲ್ಲಿ ಬೆಳಗ್ಗಿಂದ ಸಾಯಂಕಾಲದವರೆಗೂ "ಬಾಯಿ ತೆಗೀರಿ, ಕೂತ್ಕೊಳ್ಳಿ, ಮುಂದಿನವರು ಬನ್ನಿ" ಅಂತ ಕೂಗಿ ತರುವ ಸಂಬಳದಲ್ಲಿ ಇದು ಕಾಲು ಭಾಗ.

"ಇದ್ರಲ್ಲಿ ಪುಸ್ತಕಕ್ಕೆಷ್ಟು, ಸಿ.ಡಿ.ಗೆಷ್ಟು, ಕೀಚೈನಿಗೆಷ್ಟು? ಬಿಡಿಸಿ ಹೇಳಿ. ನಮ್ಮನೇಲಿ ಸಿ.ಡಿ. ಹಾಕೋ ಮಷೀನೇ ಇಲ್ಲ."

"ಷರ್ಟ್ ತಗೊಳ್ಳೋವಾಗ ತೋಳಿಗೆಷ್ಟು ಕಾಲರಿಗೆಷ್ಟು ಅಂತ ಕೇಳ್ತೀಯೇನಮ್ಮ?"

"ಮೂರು ತೋಳು ಇಟ್ಟು ಹೊಲಿದಿದ್ರೆ ಕೇಳ್ತೀನಿ."

ಮಾಲೀಕನಿಗೆ ನಗು ಬಂತು. ಒಳ್ಳೆಯ ಮನುಷ್ಯ, ವ್ಯಾಪಾರ ಮಾತ್ರ ಕೆಟ್ಟದ್ದು. ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನೋಡು ಮಗಳೇ, ನಂಗೂ ಗೊತ್ತಿಲ್ಲ. ಕಂಪನಿಯವರು ಒಂದು ರೇಟ್ ಹೇಳ್ತಾರೆ, ನಾನು ಒಂದು ಚೂರು ಸೇರಿಸ್ತೀನಿ. ಅವರ ರೇಟಲ್ಲಿ ಮೇಷ್ಟ್ರುಗಳಿಗೆ ಕೊಡೋ ಪುಕ್ಕಟೆ ಪುಸ್ತಕದ ಖರ್ಚೂ ಸೇರಿರುತ್ತೆ."

"ಪುಕ್ಕಟೆ ಅಂದ್ಮೇಲೆ ಖರ್ಚು ಹೆಂಗೆ ಅಂಕಲ್? ಯಾರು ಕೊಡ್ತಾರೆ ಅದನ್ನ?"

"ಯಾರೇನು, ನೀನೇ! ನಿಮ್ಮ ಸರಾಸರಿ ಸರ್ ಪ್ರತಿ ಹೊಸ ಎಡಿಷನ್ನಿಗೂ ಸರಿಯಾಗಿ ನಾಲ್ಕು ಕಾಪಿ ತರಿಸ್ಕೊಳ್ತಾರೆ. ಮೂರೂ ಬೇಡ ಐದೂ ಬೇಡ ಅಂತಾರೆ. ಮನೇಲಿ ಇರೋದು ಅವರು, ಅವರ ತಾಯಿ, ಇಬ್ಬರೇ. ನಾಲ್ಕು ಕಾಪಿ ಯಾರು ಓದ್ತಾರೋ ದೇವರಿಗೇ ಗೊತ್ತು."

ಸರಾಸರಿ ಸರ್ ಅಂದರೆ ಸಂಖ್ಯಾಶಾಸ್ತ್ರದ ಮೇಷ್ಟ್ರು. ಹೇಗಿದ್ದೀರಿ ಸರ್ ಅಂದರೆ "ಸರಾಸರಿ ಚೆನ್ನಾಗಿದ್ದೀನಿ" ಅನ್ನುವವರು. ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ. ಒಮ್ಮೆ ಪ್ರಿನ್ಸಿಪಾಲರು "ನನ್ನ ಹೊಸ ಕನ್ನಡಕ ಹೇಗಿದೆ?" ಎಂದು ಕೇಳಿದ್ದಕ್ಕೆ "ಹಳೇದೂ ಚೆನ್ನಾಗಿರಲಿಲ್ಲ" ಎಂದು ನಿಜ ನುಡಿದಿದ್ದರು.

ರಶೀದಿ ಅಂಗಡಿಯಲ್ಲೇ ನಿಂತು, ನೋಡುವುದಕ್ಕೆಂದು ಬಿಚ್ಚಿಟ್ಟಿದ್ದ ಪ್ರತಿಯ ಹತ್ತಿಪ್ಪತ್ತು ಪುಟಗಳ ಫೋಟೋ ಹೊಡೆದುಕೊಂಡು ಮನೆಗೆ ಬಂದಳು. ಅಕ್ಕ ಆರನೇ ಆವೃತ್ತಿ ತೊಡೆಯ ಮೇಲಿಟ್ಟುಕೊಂಡಳು, ರಶೀದಿ ಫೋನ್ ಹಿಡಿದಳು. ಇಬ್ಬರೂ ತಾಳೆ ನೋಡುತ್ತಾ ಕೂತರು.

"ಪುಟ ಅರವತ್ತು. ಡಬ್ಬದಲ್ಲಿ ನಲವತ್ತು ಕೆಂಪು ಚೆಂಡು ಇವೆ," ಅಂದಳು ಅಕ್ಕ.

"ಇಲ್ಲಿ ನಲವತ್ತು ನೀಲಿ ಚೆಂಡು."

"ಉತ್ತರ?"

"ಅದೇ."

"ಅಂದ್ರೆ ಚೆಂಡಿಗೆ ಬಣ್ಣ ಹೊಡೆದಿದ್ದಕ್ಕೆ ಎರಡು ಸಾವಿರ! ನಮ್ಮ ಡಾಕ್ಟ್ರು ಹಲ್ಲಿಗೆ ಬಣ್ಣ ಹೊಡೆಯೋಕೂ ಅಷ್ಟು ತಗೊಳ್ಳಲ್ಲ ಕಣೇ."

"ಇಲ್ನೋಡಕ್ಕ, ಬರೆದೋರ ಫೋಟೋ ಬದಲಾಗಿದೆ."

ಅಕ್ಕ ಕತ್ತು ಚಾಚಿ ನೋಡಿದಳು. ಆರನೇ ಆವೃತ್ತಿಯಲ್ಲಿ ಬೋಳಾಗಿದ್ದ ಗ್ರಂಥಕರ್ತರಿಗೆ ಒಂಬತ್ತನೆಯದರಲ್ಲಿ ಗುಂಗುರು ಕೂದಲು ಬಂದಿತ್ತು. "ಪರಿಷ್ಕರಿಸಿ ವಿಸ್ತರಿಸಿದ್ದು ಅಂತ ಹಾಕಿದಾರಲ್ಲ, ಇದನ್ನೇ ಇರ್ಬೇಕು," ಅಂದಳು. ಆಮೇಲೆ ನಗು ನಿಲ್ಲಿಸಿ, "ನಾನು ಮುಂಗಡ ಕೇಳ್ಲಾ ನಮ್ಮ ಡಾಕ್ಟ್ರನ್ನ?" ಎಂದು ಮೆಲ್ಲಗೆ ಕೇಳಿದಳು.

"ಬೇಡ ಕಣಕ್ಕ. ಮೊದ್ಲು ಯಾಕೆ ಅಂತ ಯಾರಾದ್ರೂ ಹೇಳ್ಲಿ."

ಬುಧವಾರ ಬೆಳಗ್ಗೆಯೇ ಟೈಪಿಸ್ಟ್ ಮೇಡಂ ಮುಂದೆ ಹೋಗಿ ನಿಂತಳು. ಈ ಮೇಡಂಗೆ ಫಾರಂ ಅಂದರೆ ಮಕ್ಕಳಿದ್ದ ಹಾಗೆ. ಗೆರೆ ಎಳೆಯುವುದು, ಕಾಲಂ ಕೂಡಿಸುವುದು, "ದಪ್ಪ ಅಕ್ಷರಗಳಲ್ಲಿ ತುಂಬಿ" ಎಂದು ಕೆಳಗೆ ಸೇರಿಸುವುದು, ಅದರಲ್ಲೇ ಅವರ ಸುಖ. ಹೊಸ ಫಾರಂ ಮಾಡುವುದಕ್ಕೆ ಎರಡು ವರ್ಷದಿಂದ ಕಾರಣವೇ ಸಿಕ್ಕಿರಲಿಲ್ಲ ಪಾಪ.

"ಮೇಡಂ, ಪುಸ್ತಕದ ಪಟ್ಟೀಲಿ ಬೆಲೆಗೆ ಒಂದು ಕಾಲಂ ಇಲ್ವಲ್ಲ?"

ಮೇಡಂ ಕಣ್ಣು ಮಿನುಗಿತು. "ಕಾಲಂ?"

"ಹ್ಞೂಂ. ಮೇಷ್ಟ್ರುಗಳೇ ತುಂಬ್ಬೇಕು. ಆಮೇಲೆ ಇನ್ನೊಂದು ಕಾಲಂ, ಹಳೇ ಎಡಿಷನ್ ಯಾಕೆ ಸಾಲದು ಅಂತ."

"ಎರಡು ಕಾಲಂ!" ಮೇಡಂ ಕುರ್ಚಿ ಎಳೆದುಕೊಂಡರು. "ಅಡ್ಡ ಹಾಳೇಲಿ ಮಾಡ್ಬೇಕಾಗುತ್ತೆ. ಬೋರ್ಡಲ್ಲಿರೋದು ಬರೀ ಕರಡು, ಪ್ರಿನ್ಸಿಪಾಲರ ಸಹಿ ಬೀಳೋದು ಶುಕ್ರವಾರ. ಅಷ್ಟರೊಳಗೆ ನಾನು ಏನು ಬೇಕಾದ್ರೂ ಮಾಡ್ಬಹುದು."

"ಪ್ರಿನ್ಸಿಪಾಲರು ಒಪ್ತಾರಾ ಮೇಡಂ?"

"ಅವರು ನಾನು ಕೊಟ್ಟಿದ್ದಕ್ಕೆಲ್ಲ ಸಹಿ ಹಾಕ್ತಾರೆ. ಹೋದ ವಾರ ನಮ್ಮನೆ ಸಾಮಾನಿನ ಚೀಟಿ ಅದರ ಮಧ್ಯೆ ಸೇರ್ಕೊಂಡಿತ್ತು, ಅದಕ್ಕೂ ಸಹಿ ಹಾಕಿ ಶಿಫಾರಸು ಮಾಡಿದ್ರು."

ಗುರುವಾರ ಫಾರಂ ಸ್ಟಾಫ್ ರೂಮಿಗೆ ಹೋಯಿತು, ಹೋಗಿದ್ದೇ ತಡ ಅಲ್ಲಿ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಬೆಲೆಯಂತೆ! ಯಾವ ಮೇಷ್ಟ್ರಿಗೂ ತಾವು ಪಾಠ ಮಾಡುವ ಪುಸ್ತಕದ ಬೆಲೆ ಗೊತ್ತಿರಲಿಲ್ಲ. ಪುಕ್ಕಟೆ ಬಂದದ್ದರ ಬೆಲೆ ಯಾರಿಗೆ ತಾನೇ ಗೊತ್ತಿರುತ್ತದೆ? ಒಬ್ಬರು "ಅಮೂಲ್ಯ" ಎಂದು ಬರೆದು ಜಾರಿಕೊಂಡರು. ಇತಿಹಾಸದವರು ಹಳೇ ಆವೃತ್ತಿ ಯಾಕೆ ಸಾಲದು ಅನ್ನುವುದಕ್ಕೆ "ಅದು ಹಳೆಯದು" ಎಂದು ಬರೆದರು. ಇತಿಹಾಸದವರೇ ಹೀಗಂದರೆ ಉಳಿದವರ ಗತಿ!

ಶುಕ್ರವಾರ ಸಾಯಂಕಾಲ ನಾಲ್ಕಕ್ಕೆ ಮೇಡಂ ರಶೀದಿಯನ್ನು ಕರೆಸಿದರು. ಸರಾಸರಿ ಸರ್ ತುಂಬಿದ ಫಾರಂ ಅವಳ ಮುಂದಿಟ್ಟರು.

"ಏನೇ ಇದು? ನನ್ನ ಫಾರಮ್ಮಿಗೆ ಅವಮಾನ ಆಗಿದೆ."

ಬೆಲೆಯ ಕಾಲಮ್ಮಿನಲ್ಲಿ "ಅಂದಾಜು ೨೫೦" ಎಂದಿತ್ತು. ಅಂದಾಜು ಮಾಡುವುದನ್ನೇ ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ಮನುಷ್ಯ! ಅದಿರಲಿ, ಹಳೇ ಆವೃತ್ತಿ ಯಾಕೆ ಸಾಲದು ಎಂಬಲ್ಲಿ ದುಂಡಗೆ ಬರೆದಿದ್ದರು: "ಹೊಸದು ಸೇರಿದರೆ ಮೂರು ಇಂಚು ಹೆಚ್ಚುತ್ತದೆ."

"ಮೂರು ಇಂಚು ಏನು ಹೆಚ್ಚುತ್ತೆ ಮೇಡಂ? ಜ್ಞಾನವಾ?"

"ನಂಗೇನು ಗೊತ್ತು? ಅವರು ಮನೆಗೆ ಹೋಗಾಯ್ತು, ಪಕ್ಕದ ಬೀದೀಲೇ ಮನೆ. ನೀನೇ ಹೋಗಿ ಸರಿಯಾದ ಕಾರಣ ಬರೆಸ್ಕೊಂಡು ಬಾ. ಐದಕ್ಕೆ ಮುಂಚೆ ಬಂದ್ರೆ ತಿದ್ದುತ್ತೀನಿ. ಇಲ್ಲಾಂದ್ರೆ ಒಂಬತ್ತೇ ಗಟ್ಟಿ."

ರಶೀದಿ ಫಾರಂ ಹಿಡಿದು ಓಡಿದಳು. ಸರ್ ಮನೆಯ ಬಾಗಿಲು ತೆರೆದೇ ಇತ್ತು. "ಸರ್" ಎಂದು ಕೂಗುತ್ತಾ ಒಳಗೆ ಕಾಲಿಟ್ಟಳು.

"ಯಾರದು?" ಎಂದು ದನಿ ಬಂತು. ಬಂದದ್ದು ಮೇಲಿಂದ.

ತಲೆ ಎತ್ತಿದರೆ ನಡುಮನೆಯಲ್ಲಿ ಒಂದು ಮಂಚ, ರಶೀದಿಯ ಸೊಂಟಮಟ್ಟಕ್ಕೆ. ಮಂಚದ ಮೇಲೆ ದಿಂಬಿಗೊರಗಿ ಒಬ್ಬ ಅಜ್ಜಿ, ಅಟ್ಟದ ಮೇಲಿನ ಬೆಕ್ಕಿನ ಹಾಗೆ ಕೆಳಗೆ ನೋಡುತ್ತಾ ಕೂತಿದ್ದಾರೆ. ಪಕ್ಕದಲ್ಲಿ ಹತ್ತುವುದಕ್ಕೆ ಒಂದು ಸ್ಟೂಲು. ಮಂಚದ ನಾಲ್ಕು ಕಾಲಿನ ಕೆಳಗೂ ಪುಸ್ತಕ. ಒಂದೊಂದು ಕಾಲಿಗೆ ಐದೈದು, ಒಂದರ ಮೇಲೊಂದು. ಕೆಳಗೆ ಐದನೇ ಆವೃತ್ತಿ, ಅದರ ಮೇಲೆ ಆರು, ಏಳು, ಎಂಟು, ಎಲ್ಲಕ್ಕೂ ಮೇಲೆ ಪ್ಲಾಸ್ಟಿಕ್ಕನ್ನೂ ಬಿಚ್ಚದ ಒಂಬತ್ತು. ನಾಲ್ಕು ಕಾಲು, ನಾಲ್ಕು ಕಾಪಿ. ರಶೀದಿಯ ತಲೆಯಲ್ಲಿ ಮೂರು ಇಂಚು ಸರಕ್ಕನೆ ಕೂತುಕೊಂಡಿತು.

ಸರಾಸರಿ ಸರ್ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. "ಓ, ರಶೀದಿ! ಬಾರಮ್ಮ."

"ಸರ್, ಇದು..." ಎಂದು ಅವಳು ಮಂಚ ತೋರಿಸಿದಳು.

"ಇದಾ? ಅಮ್ಮನಿಗೆ ಮಂಡಿನೋವು. ಮಂಚ ತಗ್ಗಾಯ್ತು, ಸ್ವಲ್ಪ ಎತ್ತರಿಸಿ ಅಂದ್ರು ಡಾಕ್ಟ್ರು. ಇಟ್ಟಿಗೆ ಒಂದೊಂದು ಒಂದೊಂದು ಅಳತೆ ಇರುತ್ತೆ, ಮಂಚ ಅಲ್ಲಾಡುತ್ತೆ. ಒಂದೇ ಎಡಿಷನ್ನಿನ ನಾಲ್ಕು ಕಾಪಿ ತಗೋ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!" ಸರ್ ಮುಖದಲ್ಲಿ ಶಾಸ್ತ್ರಜ್ಞನ ಆನಂದ. "ಆದ್ರೆ ಪಾಠಕ್ಕೆ ಇಟ್ರೇನೇ ಕಂಪನಿಯವರು ನಾಲ್ಕು ಕಾಪಿ ಕಳ್ಸೋದು. ಅದಕ್ಕೆ ಇಡ್ತೀನಿ. ಹೇಗಿದ್ರೂ ನಿಮಗೆ ಇನ್ನೂರೈವತ್ತರ ಬಾಬ್ತು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ರಶೀದಿ ಕೇಳಿದ್ದಳು. ಆ ಎಮ್ಮೆ ತಾನೇ ಅಂತ ಈಗ ಗೊತ್ತಾಯಿತು.

"ಸರ್, ಅದು ಎರಡು ಸಾವಿರದ ಏಳುನೂರ ನಲವತ್ತು."

"ಯಾವುದು? ನಾಲ್ಕಕ್ಕಾ?"

"ಒಂದಕ್ಕೆ ಸರ್."

ಸರ್ ನಿಧಾನಕ್ಕೆ ಸ್ಟೂಲಿನ ಮೇಲೆ ಕುಸಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಲವತ್ತೆರಡು ವಿದ್ಯಾರ್ಥಿಗಳು, ಐದು ಆವೃತ್ತಿ ಎಂದು ಗುಣಿಸುತ್ತಿದ್ದರು. ಗುಣಿಸಿದ ಹಾಗೆಲ್ಲ ಮುಖ ಬಿಳಚಿಕೊಂಡಿತು.

"ಯಾರೂ ನಂಗೆ ಹೇಳ್ಲೇ ಇಲ್ಲವಲ್ಲಮ್ಮ!"

"ಫಾರಮ್ಮಲ್ಲಿ ಕಾಲಂ ಇರ್ಲಿಲ್ಲ ಸರ್."

"ಈಗೇನ್ಮಾಡೋದು? ಒಂಬತ್ತು ತೆಗೆದ್ರೆ ಕಂಪನಿಯವರು ಕಾಪಿ ವಾಪಸ್ ಕೇಳ್ತಾರೆ. ಅಮ್ಮನ ಮಂಚ ಮೂರು ಇಂಚು ಇಳಿಯುತ್ತೆ. ಅಮ್ಮನಿಗೆ ಕಷ್ಟ..."

"ಕಷ್ಟವಂತೆ, ಇವನ ತಲೆ!" ಮೇಲಿಂದ ಗುಡುಗು ಬಂತು. ಅಜ್ಜಿ ದಿಂಬು ಪಕ್ಕಕ್ಕಿಟ್ಟು ಎದ್ದು ಕೂತರು. "ಏ ಹುಡುಗಿ, ನೀನೇ ನ್ಯಾಯ ಹೇಳು. ಮೊದಲನೇ ಸಲ ಇಟ್ಟಾಗಲೇ ಸರಿ ಇತ್ತು. 'ಹೇಗಿದೆಯಮ್ಮಾ?' ಅಂದ. 'ಚೆನ್ನಾಗಿದೆ ಕಣೋ' ಅಂದೆ. ಚೆನ್ನಾಗಿದೆ ಅಂದಳು ಅಂತ ಮಾರನೇ ವರ್ಷ ಇನ್ನೊಂದು ಇಟ್ಟ!"

"ಮೂರು ಇಂಚಿಗೆ ಚೆನ್ನಾಗಿದ್ರೆ, ಆರು ಇಂಚಿಗೆ ಇನ್ನೂ ಚೆನ್ನಾಗಿರುತ್ತೆ ಅಂತ..." ಸರ್ ತೊದಲಿದರು. "ಗ್ರಾಫ್ ಮೇಲಕ್ಕೇ ಹೋಗ್ತಿತ್ತಮ್ಮ."

"ನಾನೂ ಮೇಲಕ್ಕೇ ಹೋಗ್ತಿದ್ದೀನಿ ಕಣೋ! ಎರಡು ವರ್ಷದಿಂದ ನೆಲ ಮುಟ್ಟೋಕೆ ನಿನ್ನ ಸ್ಟೂಲಿಗೆ ಕಾಯ್ಬೇಕು. ನಿದ್ದೇಲಿ ಮಗ್ಗುಲು ಬದಲಾಯಿಸೋಕೆ ಹೆದರಿಕೆ. ಹೇಳಿದ್ರೆ 'ಮುಂದಿನ ವರ್ಷ ಹತ್ತನೇದು ಬರುತ್ತಮ್ಮ' ಅಂತಾನೆ, ಮೊಮ್ಮಗು ಬರುತ್ತೆ ಅನ್ನೋ ಹಾಗೆ. ಇಳಿಸೋ ಮೊದ್ಲು!"

ಗೋಡೆ ಗಡಿಯಾರ ನಾಲ್ಕೂಕಾಲು ಗಂಟೆ ತೋರಿಸುತ್ತಿತ್ತು.

"ಸರ್, ಹಾಗಾದ್ರೆ ಐದನೇದು ಒಂದು ಕೆಳಗಿರ್ಲಿ. ಆರು, ಏಳು, ಎಂಟು, ಒಂಬತ್ತು ತೆಗೆದುಬಿಡೋಣ. ಬೇಗ ಸರ್, ಐದಕ್ಕೆ ಆಫೀಸ್ ಮುಚ್ಚುತ್ತೆ. ಅಜ್ಜಿ, ಒಂದ್ನಿಮಿಷ ಇಳೀತೀರಾ?"

"ನಾನಾ? ಇಳಿಯಲ್ಲ. ಇವನನ್ನ ನಂಬಿ ಇಳಿದ್ರೆ ಹತ್ತನೇದು ಇಟ್ಟು ಕಾಯ್ತಾ ಇರ್ತಾನೆ. ನಾನು ಇಲ್ಲೇ ಕೂತು ನೋಡ್ಬೇಕು. ಎತ್ತಿ!"

ಎತ್ತಿದರು. ಸರ್ ಮಂಚದ ಒಂದು ಮೂಲೆ ಹಿಡಿದು "ಹೈ" ಎಂದು ಎತ್ತುವುದು, ರಶೀದಿ ನೆಲದ ಮೇಲೆ ಮಲಗಿ ಒಂದು ಪುಸ್ತಕ ಎಳೆಯುವುದು, ಆಮೇಲೆ ಮುಂದಿನ ಮೂಲೆ. ನಾಲ್ಕು ಕಾಲು, ನಾಲ್ಕು ಸುತ್ತು, ಹದಿನಾರು ಸಲ. ಪ್ರತಿ ಸಲವೂ ಮಂಚ ಒಂದು ಕಡೆಗೆ ವಾಲುತ್ತಿತ್ತು, ಅಜ್ಜಿ ದೋಣಿಯಲ್ಲಿ ಕೂತವರ ಹಾಗೆ ಇನ್ನೊಂದು ಕಡೆಗೆ ಜರುಗಿ ತೂಕ ಸರಿ ಮಾಡುತ್ತಿದ್ದರು.

"ಎಡಗಡೆ ಎತ್ತೋ! ಅದಲ್ವೋ, ನನ್ನ ಎಡಗಡೆ! ಏ ಹುಡುಗಿ, ನಿನ್ನ ಜಡೆ ಕಾಲಿನ ಕೆಳಗಿದೆ ನೋಡ್ಕೋ. ಬಿಡಬೇಡ್ವೋ! ಇಪ್ಪತ್ತು ವರ್ಷ ಪಾಠ ಮಾಡಿ ತೋಳಲ್ಲಿ ಒಂದು ಚೂರೂ ಕಸುವಿಲ್ಲ!"

ಎರಡನೇ ಸುತ್ತಿನಲ್ಲಿ ಎಂಟನೇ ಆವೃತ್ತಿಯೊಂದು ಜಾರಿ ಸರ್ ಕಾಲ ಮೇಲೆ ಬಿತ್ತು. ಸರ್ ಒಂಟಿಕಾಲಿನಲ್ಲಿ ಕುಣಿಯುತ್ತಾ "ಇದು ಭಾರವಾದ ಪುಸ್ತಕ ಅಂತ ನಾನು ಯಾವಾಗ್ಲೂ ಹೇಳ್ತಿದ್ದೆ" ಅಂದರು. ಮೂರನೇ ಸುತ್ತಿಗೆ ರಶೀದಿಗೆ ಸೀನು ಬಂತು, ಮಂಚದ ಕೆಳಗಿನ ಐದು ವರ್ಷದ ಧೂಳೆಲ್ಲ ಎದ್ದು ಮೂವರೂ ಒಟ್ಟಿಗೆ ಸೀನಿದರು. ಹದಿನಾರನೆಯದು ಹೊರಗೆ ಬಂದಾಗ ನಾಲ್ಕು ನಲವತ್ತು. ಅಜ್ಜಿ ಮಂಚದ ಅಂಚಿಗೆ ಸರಿದು, ಎರಡು ಕಾಲನ್ನೂ ಕೆಳಗೆ ಬಿಟ್ಟು, ನೆಲಕ್ಕೆ ಅಂಗಾಲು ತಾಗಿಸಿ ನೋಡಿದರು.

"ಹಾ," ಅಂದರು. ಸ್ಟೂಲನ್ನು ಕಾಲಿನಿಂದಲೇ ಆಚೆ ತಳ್ಳಿದರು.

ಸರ್ ಫಾರಂ ತೆಗೆದುಕೊಂಡು ಗೋಡೆಗೆ ಒತ್ತಿಟ್ಟು ಒಂಬತ್ತು ಹೊಡೆದುಹಾಕಿದರು, ಆರು ಎಂದು ಬರೆದರು. ಬೆಲೆಯ ಕಾಲಂ ಬಂದಾಗ ಪೆನ್ನು ನಿಂತಿತು.

"ಈ ಸಲ ಅಂದಾಜು ಮಾಡಲ್ಲಮ್ಮ," ಎಂದು ಪುಸ್ತಕದಂಗಡಿಗೇ ಫೋನು ಹಚ್ಚಿದರು. "ರೀ, ಆರನೇ ಎಡಿಷನ್ ಹಳೇದು ಇದೆಯೇನ್ರೀ? ಎಷ್ಟು?... ಮೊದ್ಲು ಬಂದು ತಗೊಳ್ಳಿ ಅಂದ್ರೇನು? ಮೊದ್ಲು ಹೇಳ್ರೀ!... ಇನ್ನೂರಾ? ಅಲ್ರೀ, ಡಬ್ಬದಲ್ಲಿ ಚೆಂಡು ಕೂಡ ಕೆಂಪಗೇ ಇವೆ, ಹಳೇ ಬಣ್ಣ!... ಹ್ಞಾ, ನೂರೆಂಬತ್ತು. ಎಲ್ಲರಿಗೂ ಅದೇ. ಬೋರ್ಡ್ ಮೇಲೆ ಹಾಕ್ತೀನಿ, ಆಮೇಲೆ ಬಾಯಿ ಬದಲಾಯಿಸ್ಬೇಡಿ."

ಪುಸ್ತಕ ಇಲ್ಲದವರಿಗೆ ಮಂಚದ ಕೆಳಗಿನ ನಾಲ್ಕು ಆರನೇ ಆವೃತ್ತಿ ಪುಕ್ಕಟೆ ಎಂದರು. ಒಂಬತ್ತು ಕಂಪನಿಗೆ ವಾಪಸ್, ಏಳು ಎಂಟು ಗ್ರಂಥಾಲಯಕ್ಕೆ. ಅಜ್ಜಿ "ಯಾರಿಗಾದ್ರೂ ಕೊಡು, ಮನೆ ಒಳಗೆ ಮಾತ್ರ ಬೇಡ" ಅಂದರು. ಸರ್, ರಶೀದಿ ಇಬ್ಬರೂ ಬೀದಿಯಲ್ಲಿ ಓಡಿದರು. ಮೇಷ್ಟ್ರು ಓಡುವುದನ್ನು ಕಂಡು ಒಂದಿಬ್ಬರು ಹುಡುಗರು ಏನೋ ಬಿದ್ದಿರಬೇಕು ಅಂತ ತಾವೂ ಜೊತೆಗೆ ಓಡಿದರು.

ಆಫೀಸಿನ ಕಿಟಕಿಯ ಒಂದು ಬಾಗಿಲು ಆಗಲೇ ಮುಚ್ಚಿತ್ತು. ಮೇಡಂ ಇನ್ನೊಂದರ ಮೇಲೆ ಕೈ ಇಟ್ಟಿದ್ದರು. ರಶೀದಿ ಫಾರಮ್ಮನ್ನು ಸಂದಿಯಲ್ಲಿ ತೂರಿಸಿದಳು. ಮೇಡಂ ಕನ್ನಡಕ ಏರಿಸಿ ಜೋರಾಗಿಯೇ ಓದಿದರು.

"ಆರನೇ ಆವೃತ್ತಿ. ಬೆಲೆ ನೂರೆಂಬತ್ತು, ವಿಚಾರಿಸಿ ಬರೆದದ್ದು. ಹಳೇ ಆವೃತ್ತಿ ಯಾಕೆ ಸಾಲದು? 'ಸಾಲುತ್ತದೆ. ಮೊದಲನೇ ಸಲವೇ ಸಾಲುತ್ತಿತ್ತು ಎಂದು ಅಮ್ಮ ಹೇಳಿದ್ದಾರೆ.'" ಮೇಡಂ ಸರ್ ಕಡೆ ನೋಡಿದರು. "ಅಮ್ಮ ಅಂದ್ರೆ ಯಾವ ಇಲಾಖೆ ಸರ್?"

"ಎಲ್ಲ ಇಲಾಖೆಗೂ ಮೇಲೆ," ಅಂದರು ಸರ್ ಏದುಸಿರು ಬಿಡುತ್ತಾ. ಆಮೇಲೆ, ಸುಳ್ಳು ಹೇಳುವ ಅಭ್ಯಾಸ ಇಲ್ಲವಲ್ಲ, "ಈಗ ಒಂದಡಿ ಕೆಳಗೆ ಬಂದಿದಾರೆ" ಎಂದು ಸೇರಿಸಿದರು.

ಮೇಡಂ ಒಳಗೆ ಹೋಗಿ ಪ್ರಿನ್ಸಿಪಾಲರ ಸಹಿ ತಂದರು. ಹೋಗಿ ಬರುವುದಕ್ಕೆ ಹಿಡಿದದ್ದು ಅರ್ಧ ನಿಮಿಷ. "ಓದಿದ್ರಾ?" ಎಂದು ರಶೀದಿ ಕೇಳಿದಳು. "ಅಭ್ಯಾಸ ಕೆಡಿಸ್ಬೇಡ" ಎಂದು ಮೇಡಂ ಗದರಿಸಿ, "ಪುಸ್ತಕ ಎಲ್ಲಿ?" ಅಂದರು.

ರಶೀದಿ ಚೀಲದಿಂದ ಅಕ್ಕನ ಪುಸ್ತಕ ತೆಗೆದು ಮೊದಲನೇ ಪುಟ ಬಿಡಿಸಿ ಹಿಡಿದಳು. ಮೇಡಂ ಇಂಕಿನ ಪ್ಯಾಡಿಗೆ ಮುದ್ರೆಯನ್ನು ಎರಡು ಸಲ ಅದ್ದಿ ಧಡ್ ಎಂದು ಒತ್ತಿದರು. ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ ಬಾಕಿ ಇತ್ತು.

"ಸೋಮವಾರ ಎಂಟು ಗಂಟೆಗೆ ಕ್ಲಾಸು," ಅಂದರು ಸರ್.

ರಶೀದಿ ತಲೆಯಾಡಿಸಿದಳು. ಕಾರಿಡಾರಿನ ಉದ್ದಕ್ಕೂ ಪುಸ್ತಕವನ್ನು ತೆರೆದೇ ಹಿಡಿದುಕೊಂಡು, ಹಸಿ ಇಂಕಿಗೆ ಉಫ್ ಉಫ್ ಎಂದು ಊದುತ್ತಾ ನಡೆದಳು.